ಐವತ್ತು ಹೆಜ್ಜೆ ಹಿಂದೆ

ಹೊರಡುವ ಮುಂಚೆ

ನಾನು ಅನುಮಾನದ ಮನುಷ್ಯ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದ್ದನ್ನು ಓದುವುದು ಸುಲಭ. ಕೊಡಗಿನ ಅರಣ್ಯ ಇಲಾಖೆಯಲ್ಲಿ ರೇಂಜರನಾಗಿ ಹದಿನಾಲ್ಕು ವರ್ಷ ಕಳೆದಿದ್ದೇನೆ. ಕಡಿದ ದಿಮ್ಮಿಯ ಮೇಲೆ ಇಲಾಖೆಯ ಸುತ್ತಿಗೆ ಗುರುತು ಎಷ್ಟೇ ಸ್ಪಷ್ಟವಾಗಿದ್ದರೂ ಉಗುರಿನಿಂದ ಕೆರೆದು ನೋಡದೆ ಸಾಗಣೆಯ ಪಾಸ್ ಬರೆದವನಲ್ಲ. ಮನೆಯಲ್ಲಿ ಹಾಲಿನ ಲೋಟವನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆಂದು ನನ್ನ ಹೆಂಡತಿಯ ದೂರು. ದೂರು ನಿಜ.

ಇಂಥವನನ್ನು ನಮ್ಮ ಪುಟ್ಟ ಕೊಡಗು ರಾಜ್ಯದ ಸರ್ಕಾರ ಆರು ತಿಂಗಳಿಗೆ ಸ್ವಿಟ್ಜರ್ಲೆಂಡಿಗೆ ಕಳಿಸಿತು. ಕಡಿದಾದ ಬೆಟ್ಟದಿಂದ ತಂತಿಹಗ್ಗದ ಮೇಲೆ ದಿಮ್ಮಿ ಇಳಿಸುವುದನ್ನು ಕಲಿತು ಬಾ ಎಂದು. ಮಡಿಕೇರಿಯಲ್ಲಿ ಆರ್ಡರ್ ಕೈಗೆ ಬಂದಾಗ ಇದರ ಹಿಂದೆ ಯಾರ ಕೈವಾಡವಿದೆಯೋ ಎಂದು ಒಂದು ವಾರ ತಲೆ ಕೆಡಿಸಿಕೊಂಡೆ. ನನ್ನ ರೇಂಜಿನಲ್ಲಿ ಮರ ಸಾಗಿಸಲಾಗದೆ ಕುಳಿತ ಯಾವನೋ ಕಂಟ್ರಾಕ್ಟರನ ಕೆಲಸವೇ ಇರಬೇಕು ಎಂದು ಈಗಲೂ ಒಳಗೊಳಗೆ ನಂಬಿದ್ದೇನೆ.

ಅವ್ವನಿಗೆ ಮಾತ್ರ ಅನುಮಾನ ಬರಲಿಲ್ಲ. ಸ್ವಿಟ್ಜರ್ಲೆಂಡ್ ಎಂಬ ಹೆಸರು ಕೇಳಿದೊಡನೆ ಕುಟ್ಟುತ್ತಿದ್ದ ಒನಕೆ ನಿಲ್ಲಿಸಿದಳು. ನನ್ನ ಅಣ್ಣ ಬೆಳ್ಯಪ್ಪ ಸತ್ತದ್ದು ಆ ದೇಶದ ಅಂಚಿನಲ್ಲಿ.

ಅಣ್ಣ ಪಟಾಲಮ್ಮಿಗೆ ಸೇರಿ ಯುದ್ಧದಲ್ಲಿ ಸೆರೆಸಿಕ್ಕಿ ಇಟಲಿಯ ಶಿಬಿರದಲ್ಲಿದ್ದ. ಅಲ್ಲಿಂದ ತಪ್ಪಿಸಿಕೊಂಡು, ಹಳ್ಳಿಗಳಲ್ಲಿ ಅಡಗಿ, ಚಳಿಗಾಲದಲ್ಲಿ ಹಿಮದ ಬೆಟ್ಟ ದಾಟಿ ಸ್ವಿಟ್ಜರ್ಲೆಂಡ್ ಸೇರಲು ಹೊರಟ. ಜೊತೆಗಿದ್ದವನು ಕುಶಾಲಪ್ಪ. ನಮ್ಮ ಊರು ಕರಿಕೆಯವನೇ, ಅಣ್ಣನ ಓರಗೆಯವ. ಅವನು ಬದುಕಿ ಬಂದ. ಈಗ ವಿರಾಜಪೇಟೆಯಲ್ಲಿ ಒಂದು ಕರಿಮೆಣಸಿನ ಮಂಡಿಯಲ್ಲಿ ಕೆಲಸ. ಪ್ರತಿ ವರ್ಷ ಹುತ್ತರಿ ಹಬ್ಬಕ್ಕೂ ನಮ್ಮ ಮನೆಗೆ ಬರುತ್ತಾನೆ, ಜಗುಲಿಯ ಅಂಚಿನಲ್ಲಿ ಕೂರುತ್ತಾನೆ, ಒಳಗೆ ಬಾ ಎಂದರೆ ಬರುವುದಿಲ್ಲ, ಕಾಫಿ ಕುಡಿದು ಹೋಗುತ್ತಾನೆ. ಅವನು ಹೇಳಿದ್ದು ಇಷ್ಟೇ: "ದಾರಿ ತೋರ್ಸುವವ ನಮ್ಮ ಒಟ್ಟಿಗೆ ನಡೆಯೋಕೆ ಬಿಟ್ಟಿಲ್ಲೆ. ಬೆಳ್ಯಪ್ಪನ ಐವತ್ತು ಹೆಜ್ಜೆ ಹಿಂದೆ ಬಿಟ್ಟತ್. ಹಿಮ ಜಾರಿತ್."

ಐವತ್ತು ಹೆಜ್ಜೆ ಹಿಂದೆ! ಕರಿಕೆಯ ಕಾಡಿನಲ್ಲಿ ನಡೆದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಬ್ಬರು ಹೊರಟರೆ ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಂಟಿಕೊಂಡೇ ನಡೆಯುವುದು ನಮ್ಮ ಪದ್ಧತಿ. ಆನೆ ಓಡಾಡುವ ಕಡೆ ಜೊತೆಗಾರನನ್ನು ದೂರ ಬಿಟ್ಟು ನಡೆಯುವವನು ಒಂದೋ ಹುಚ್ಚ, ಇಲ್ಲವೇ ಕೆಟ್ಟವ. ತಿರುವಿನಲ್ಲಿ ಕಣ್ಮರೆಯಾದರೆ 'ಕೂ' ಹಾಕುತ್ತೇವೆ. ಕೇಳಿದವನು ಮರುಕೂ ಹಾಕಿ, ಕೈಯಲ್ಲಿದ್ದ ಕೆಲಸ ಬಿಟ್ಟು ಅಲ್ಲಿಗೆ ಹೋಗಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ನಡೆಯಲು ಕಲಿಯುವಾಗಲೇ ಬರುತ್ತದೆ.

ಅವ್ವ ಕೇಳಿದ್ದು ಒಂದೇ. "ಅಂವ ಸಾಯುವಾಗ ಒಬ್ಬನೇ ಇತ್ತಾ, ಜೊತೆಲಿ ಯಾರಾರ್ ಇದ್ದೊ? ಅಷ್ಟ್ ಕೇಳಿಕಂಡ್ ಬಾ ಮಗ."

ಒಂಬತ್ತು ವರ್ಷದಿಂದ ಆ ಪ್ರಶ್ನೆ ಅವಳೊಳಗೆ ಕುಳಿತಿತ್ತು. ನನ್ನ ಪ್ರಶ್ನೆ ಬೇರೆ. ಆ ದಾರಿ ತೋರಿಸಿದವನ ಮುಖ ನೋಡಬೇಕಿತ್ತು.

ಬಸ್ಸು ನಿಲ್ಲುವ ಕೊನೆಯ ಊರು

ತರಬೇತಿಯ ನಡುವೆ ಫೆಬ್ರವರಿಯಲ್ಲಿ ಹತ್ತು ದಿನ ರಜೆ ಸಿಕ್ಕಿತು. ಅಣ್ಣ ಸತ್ತಾಗ ಸೈನ್ಯದಿಂದ ಬಂದ ಹಳೆಯ ಕಾಗದದಲ್ಲಿ ಅವನನ್ನು ಹೂತ ಹಳ್ಳಿಯ ಹೆಸರಿತ್ತು. ಟಪಾಲು ಬಸ್ಸು ಹಿಡಿದೆ.

ಆ ದೇಶದವರ ಒಂದು ಅಭ್ಯಾಸ ನನಗೆ ಕೊನೆಯವರೆಗೂ ಸರಿಹೋಗಲಿಲ್ಲ. ಗುರುತಿಲ್ಲದವರೂ ನಮಸ್ಕಾರ ಹೇಳುತ್ತಾರೆ. ಬಸ್ಸು ಹತ್ತಿದ ಮುದುಕಿ, ಹಾಲಿನ ಕ್ಯಾನು ಹೊತ್ತವ, ಎಲ್ಲರೂ. ಗೋಣಿಕೊಪ್ಪಲಿನ ಸಂತೆಯಲ್ಲಿ ಗುರುತಿಲ್ಲದವನು ಹೀಗೆ ನಕ್ಕರೆ ನಾನು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಇಲ್ಲೂ ಅದನ್ನೇ ಮಾಡಿದೆ. ಮುದುಕಿ ನನಗೆ ಚಳಿಯಾಗುತ್ತಿದೆ ಎಂದುಕೊಂಡು ತನ್ನ ಕಂಬಳಿಯನ್ನು ನನ್ನ ಮೊಣಕಾಲಿನ ಮೇಲೆ ಹೊದಿಸಿಬಿಟ್ಟಳು. ಇಳಿಯುವವರೆಗೆ ಅದನ್ನು ಹೇಗೆ ವಾಪಸು ಕೊಡುವುದೆಂದು ತಿಳಿಯದೆ ಒದ್ದಾಡಿದೆ.

ಇಪ್ಪತ್ತು ಮನೆಗಳ ಹಳ್ಳಿ. ಮನೆಗಳ ಗೋಡೆಗೆ ಸೌದೆ ಒಟ್ಟಿದ್ದರು, ಕಾವಲಿಲ್ಲ, ಬೀಗವಿಲ್ಲ. ಅಭ್ಯಾಸಬಲದಿಂದ ಗುರುತಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ತಲೆಯೆತ್ತಿದರೆ ನಾನು ಹುಡುಕಿ ಬಂದವನೇ, ಅಣ್ಣನಿಗೆ ದಾರಿ ತೋರಿಸಿದ ಯಾಕೋಬ್, ನಿಂತಿದ್ದ. ಐವತ್ತರ ಆಸುಪಾಸು, ಕುಳ್ಳ, ಬಿಸಿಲಿಗೆ ಸುಟ್ಟು ಸೀಳಿದ ತುಟಿ. ಯುದ್ಧಕ್ಕೆ ಮುಂಚೆ ಇಂಗ್ಲಿಷರಿಗೆ ಬೆಟ್ಟ ಹತ್ತಿಸುತ್ತಿದ್ದವನಾದ್ದರಿಂದ ನನಗೆ ಅರ್ಥವಾಗುವಷ್ಟು ಇಂಗ್ಲಿಷ್ ಇತ್ತು. ನಾನು ಯಾರೆಂದು ಹೇಳಿದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಕೈ ಕೊಡಲಿಲ್ಲ.

"ನೀವು ಬರುತ್ತೀರೆಂದು ಗೊತ್ತಿತ್ತು," ಎಂದ.

ತಪ್ಪು ಮಾಡಿದವನ ಮಾತು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಚರ್ಚಿನ ಹಿಂದಿನ ಗೋಡೆಯ ಬಳಿ ಅಣ್ಣನ ಸಮಾಧಿ. ಜೂನ್ ತಿಂಗಳಲ್ಲಿ ಹಿಮ ಕರಗಿದ ಮೇಲೆ ಸಿಕ್ಕಿದನಂತೆ. ಮರದ ಹಲಗೆಯೊಂದು ಹಿಮದಿಂದ ಗೇಣುದ್ದ ಹೊರಗಿತ್ತು. ಅದರ ಸುತ್ತ ಹಿಮ ತೆಗೆದು ಹಾದಿ ಮಾಡಿದ್ದರು. ಆ ದಿನ ಬೆಳಿಗ್ಗೆ ತೆಗೆದದ್ದಲ್ಲ, ಚಳಿಗಾಲವಿಡೀ ತೆಗೆಯುತ್ತಾ ಬಂದದ್ದು ಎಂದು ಎರಡೂ ಕಡೆಯ ಗೋಡೆಯಂಥ ರಾಶಿ ನೋಡಿದರೆ ತಿಳಿಯುತ್ತಿತ್ತು. ನಾನು ಅತ್ತೆ. ಅತ್ತ ಮೇಲೆ, ಇಷ್ಟು ಶ್ರದ್ಧೆ ಏಕೆ ಎಂದು ಯೋಚಿಸಿದೆ.

"ಅವನು ಸತ್ತ ಜಾಗ ತೋರಿಸಿ," ಎಂದೆ. ಸ್ಥಳ ನೋಡದೆ ಮಹಜರು ಬರೆದ ಅಭ್ಯಾಸ ನನಗಿಲ್ಲ.

ಮೂರು ಬೆಳಿಗ್ಗೆ

ಯಾಕೋಬನ ಮನೆಯಲ್ಲೇ ಇಳಿದುಕೊಂಡೆ. ಮೊದಲನೆಯ ಬೆಳಿಗ್ಗೆ ಊರಿನ ಮೇಲಿನ ಕಾಡಿನವರೆಗೆ ಹೋದೆವು. ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಹೆಣೆದ ಅಗಲ ಬಳೆಗಳನ್ನು ಕಟ್ಟಿಕೊಂಡಿದ್ದೆ, ಮೊರ ಕಟ್ಟಿಕೊಂಡು ನಡೆದ ಹಾಗೆ. ಒಂದರ ಮೇಲೊಂದು ಕಾಲಿಟ್ಟು ಮೂರು ಸಲ ಮೂತಿಯಡಿಯಾಗಿ ಬಿದ್ದೆ. ಯಾಕೋಬ್ ನಗಲಿಲ್ಲ. ನಗದಿದ್ದುದೂ ನನಗೆ ಹಿಡಿಸಲಿಲ್ಲ.

ಆ ಕಾಡಿನಲ್ಲಿ ಕಡಿದ ಬೊಡ್ಡೆ ಒಂದೂ ಕಾಣಲಿಲ್ಲ. ತಾತಂದಿರ ಕಾಲದಿಂದ ಅಲ್ಲಿ ಕೊಡಲಿ ಇಡುವಂತಿಲ್ಲವಂತೆ. ಮೇಲಿನ ಹಿಮ ಊರಿನ ಮೇಲೆ ಬೀಳದಂತೆ ಹಿಡಿದಿಟ್ಟಿರುವುದೇ ಆ ಮರಗಳು. ನಮ್ಮ ದೇವರಕಾಡು ನೆನಪಾಯಿತು. ನಮ್ಮವರು ದೇವರಿಗೆ ಹೆದರಿ ಬಿಟ್ಟಿದ್ದನ್ನು ಇವರು ಬೆಟ್ಟಕ್ಕೆ ಹೆದರಿ ಬಿಟ್ಟಿದ್ದಾರೆ. ಆ ಊರಿನಲ್ಲಿ ನಾನು ನಂಬಿದ ಮೊದಲ ವಸ್ತು ಆ ಕಾಡು.

ಕಾಡಿನ ಅಂಚಿನಲ್ಲಿ ಯಾಕೋಬ್ ಸಲಿಕೆಯಿಂದ ಎದೆಮಟ್ಟ ಗುಂಡಿ ತೋಡಿದ. ಗುಂಡಿಯ ಗೋಡೆಯನ್ನು ಕೈಯಿಂದ ಸವರಿ, ಬೆರಳಿನಿಂದ ಒತ್ತುತ್ತಾ ಕೆಳಗಿಳಿದ. ಮೇಲೆ ಗಟ್ಟಿ ಪದರ. ಅದರ ಕೆಳಗೆ, ಮೊಣಕಾಲೆತ್ತರದಲ್ಲಿ, ಬೆರಳು ಸುಲಭವಾಗಿ ಒಳಗೆ ಹೋಯಿತು. ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದ. ಕಡುಬಿಗೆ ಒಡೆದ ಅಕ್ಕಿತರಿಯಂತೆ ಬಿಡಿಬಿಡಿಯಾಗಿತ್ತು, ಹಿಸುಕಿದರೂ ಉಂಡೆ ಕಟ್ಟಲಿಲ್ಲ.

"ಗಟ್ಟಿ ಹಲಗೆ ಈ ತರಿಯ ಮೇಲೆ ಕುಳಿತಿದೆ. ಗಾಳಿ ಬೇರೆ ಎರಡು ದಿನದಿಂದ ಹಿಮ ತಂದು ಇದರ ಮೇಲೆ ಪೇರಿಸಿದೆ. ಇಂದು ಬೇಡ," ಎಂದ.

ಹಿಂದಿರುಗಿದೆವು. ಮಧ್ಯಾಹ್ನ ಅವನ ಕೊಟ್ಟಿಗೆಯ ಪಕ್ಕದಿಂದ ಹಾದುಹೋಗುವಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಕಾಫಿ! ಕಾಫಿತೋಟದವನ ಮಗನಿಗೆ ಇದರಲ್ಲಿ ಮೋಸವಾಗುವುದಿಲ್ಲ. ಇಣುಕಿದೆ. ಹುಲ್ಲಿನ ಹಿಂದೆ ಬೆನ್ನಿಗೆ ಹೊರುವಂತೆ ಹೊಲಿದ ಚೌಕ ಮೂಟೆಗಳು.

ಯಾಕೋಬನ ಹೆಂಡತಿ ಅನ್ನಾಳನ್ನು ಕೇಳಿದರೆ ಅವಳು ಸಂಕೋಚವಿಲ್ಲದೆ ಬೆಟ್ಟದ ಕಡೆ ಕೈ ತೋರಿಸಿದಳು. ಆಚೆ ಇಟಲಿಯಲ್ಲಿ ಕಾಫಿಗೆ ಸುಂಕ ಹೆಚ್ಚು, ಈಚೆ ಕಡಿಮೆ. ಊರಿನ ಗಂಡಸರು ಮೂಟೆ ಹೊತ್ತು ಗಡಿ ದಾಟಿಸುತ್ತಾರೆ. ಅಂದರೆ ಕಳ್ಳಸಾಗಣೆ. ನನ್ನ ಅಣ್ಣನ ಪ್ರಾಣ ಇಂಥವನ ಕೈಯಲ್ಲಿತ್ತು ಎಂದು ಮೈ ಉರಿಯಿತು. ಇವನು 'ಇಂದು ಬೇಡ' ಎಂದದ್ದೂ ಆಗ ಅರ್ಥವಾಯಿತೆಂದುಕೊಂಡೆ. ತನ್ನ ಮೂಟೆ ದಾಟಿಸುವವರೆಗೆ ನಾನು ಆ ದಾರಿ ನೋಡಬಾರದು!

ಎರಡನೆಯ ಬೆಳಿಗ್ಗೆ ಮತ್ತೆ ಗುಂಡಿ, ಮತ್ತೆ ತರಿ, ಮತ್ತೆ "ಇಂದು ಬೇಡ". ಬೆಚ್ಚನೆಯ ಗಾಳಿ ಬೀಸುತ್ತಿತ್ತು. ಚಳಿ ಕಡಿಮೆಯಾಯಿತಲ್ಲ, ಇನ್ನೇನು ಅಡ್ಡಿ ಎಂದು ಜಗಳಕ್ಕೇ ನಿಂತೆ. "ಈ ಗಾಳಿ ಬೆಟ್ಟದ ಶತ್ರು," ಎಂದು ಅವನು ಸಲಿಕೆ ಹೆಗಲಿಗೇರಿಸಿ ಹೊರಟೇಬಿಟ್ಟ. ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಎದುರು ಬೆಟ್ಟದಲ್ಲಿ ಗುಡುಗಿನಂಥ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಇಡೀ ಇಳಿಜಾರು ಹೊಗೆಯಂತೆ ಎದ್ದು ಕೆಳಗೆ ಹರಿಯುತ್ತಿತ್ತು. ಅನ್ನಾ ಶಿಲುಬೆಯ ಗುರುತು ಮಾಡಿಕೊಂಡಳು. ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಮೂರನೆಯ ಬೆಳಿಗ್ಗೆ ಅವನು ಒಬ್ಬನೇ ಗುಂಡಿ ತೋಡಲು ಹೋದಾಗ ಕೊಟ್ಟಿಗೆಗೆ ನುಗ್ಗಿ ಮೂಟೆ ಎಣಿಸಿದೆ. ಒಂದೂ ಕಡಿಮೆಯಾಗಿರಲಿಲ್ಲ. ತನ್ನ ಹೊಟ್ಟೆಪಾಡಿಗೂ ಇವನು ಆ ದಾರಿ ಹಿಡಿದಿಲ್ಲ. ನನ್ನ ಅನುಮಾನಕ್ಕೆ ಅದು ದೊಡ್ಡ ಪೆಟ್ಟು. ಆದರೆ ನನ್ನ ಅನುಮಾನ ಜಿಗಣೆಯ ಜಾತಿಯದು, ಒಂದು ಕಡೆ ಕಿತ್ತರೆ ಇನ್ನೊಂದು ಕಡೆ ಕಚ್ಚಿಕೊಳ್ಳುತ್ತದೆ. ಆ ಜಾಗಕ್ಕೆ ಹೋಗಲು ಇವನಿಗೆ ಹೆದರಿಕೆ, ಹೆದರಿಕೆ ಇದ್ದರೆ ತಪ್ಪೂ ಇದೆ ಎಂದು ತೀರ್ಮಾನಿಸಿದೆ.

ಬಂಡೆ

ಗಾಳಿ ನಿಂತು ಎರಡು ದಿನ ಕೊರೆಯುವ ಚಳಿ ಹಿಡಿದ ಮೇಲೆ ಯಾಕೋಬ್ "ನಾಳೆ" ಎಂದ.

ಬೆಳಕು ಹರಿಯುವಾಗ ಹೊರಟೆವು. ಬಿಸಿಲು ಬೀಳುವ ಮೊದಲೇ ಹಿಂದಿರುಗಬೇಕು. ಅವನು ನನ್ನ ಸೊಂಟಕ್ಕೆ ಉದ್ದನೆಯ ಕೆಂಪು ದಾರವೊಂದನ್ನು ಕಟ್ಟಿ ಅದರ ತುದಿಯನ್ನು ಹಿಂದೆ ಎಳೆಯಲು ಬಿಟ್ಟ. ಹಿಮದಲ್ಲಿ ಹೂತುಹೋದರೂ ದಾರ ಮೇಲೆ ಉಳಿದರೆ ಅದನ್ನು ಹಿಡಿದು ಅಗೆಯಬಹುದಂತೆ. ತನಗೂ ಒಂದು ಕಟ್ಟಿಕೊಂಡ. ಎತ್ತಿನ ಹಾಗೆ ದಾರ ಎಳೆಯುತ್ತಾ ಮರಗಳ ನಡುವಿನ ದಿಣ್ಣೆ ಹತ್ತಿದೆವು. ಹಕ್ಕಿಯ ಸದ್ದಿಲ್ಲ, ಎಲೆಯ ಸದ್ದಿಲ್ಲ. ಇಷ್ಟು ನಿಶ್ಶಬ್ದ ನಮ್ಮ ಕಾಡಿನಲ್ಲಾದರೆ ಆನೆ ಹತ್ತಿರವಿದೆ ಎಂದೇ ಲೆಕ್ಕ.

ಒಂದು ಬಂಡೆಯ ಬಳಿ ಯಾಕೋಬ್ ನಿಂತ. ಮುಂದೆ ಬೆಟ್ಟದ ಮೈಯಲ್ಲಿ ಹಿಮ ತುಂಬಿದ ಅಗಲವಾದ ತೋಡು. ಆಚೆ ಇನ್ನೊಂದು ಬಂಡೆ.

"ಅಲ್ಲಿಂದ ಅವನು ಸಿಕ್ಕಿದ ಜಾಗ ಕಾಣುತ್ತದೆ. ಮೊದಲು ನಾನು ದಾಟುತ್ತೇನೆ. ಆ ಬಂಡೆ ಸೇರಿ ಕೈ ಬೀಸಿದ ಮೇಲೆ ನೀವು ಹೊರಡಿ, ನನ್ನ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು. ಅಲ್ಲಿಯವರೆಗೆ ಇಲ್ಲಿಂದ ಕದಲಬೇಡಿ. ಒಬ್ಬನ ಭಾರ ಈ ಹಿಮ ತಾಳುತ್ತದೆ. ಇಬ್ಬರದ್ದು ಗೊತ್ತಿಲ್ಲ."

ಅವನು ಹೊರಟ. ಹತ್ತು ಹೆಜ್ಜೆ, ಇಪ್ಪತ್ತು, ಮೂವತ್ತು. ಅವನ ಬೆನ್ನು ಚಿಕ್ಕದಾಗುತ್ತಾ ಹೋದಂತೆ ನನ್ನ ಕಿವಿಯಲ್ಲಿ ಕುಶಾಲಪ್ಪನ ಮಾತು. ಐವತ್ತು ಹೆಜ್ಜೆ ಹಿಂದೆ ಬಿಟ್ಟತ್. ಹೀಗೆಯೇ ಅಲ್ಲವೇ ಅಣ್ಣನನ್ನೂ ನಿಲ್ಲಿಸಿದ್ದು? ಇದೇ ಬಂಡೆಯ ಬಳಿ, ಇದೇ ಮಾತು ಹೇಳಿ? ಇವನು ಆ ಬಂಡೆಯ ಹಿಂದೆ ಮರೆಯಾದರೆ ನನ್ನ ಗತಿಯೇನು? ಬಿಡಬಾರದು ಎನ್ನಿಸಿತು. ನಾನು ಕಾಲಿಟ್ಟೆ.

ಹದಿನೈದು ಹೆಜ್ಜೆ ಹೋಗಿರಬಹುದು. ಕಾಲ ಕೆಳಗೆ 'ಧುಮ್ಮ್' ಎಂದಿತು. ದೊಡ್ಡ ಕಣಜದೊಳಗೆ ಯಾರೋ ಕುಸಿದಂಥ ಸದ್ದು. ಹಿಮ ಒಂದು ಬೆರಳಿನಷ್ಟು ಕೆಳಗಿಳಿಯಿತು. ನನ್ನ ಮೇಲುಗಡೆ ಹಿಮದಲ್ಲೊಂದು ಗೆರೆ ಸರ್ರನೆ ಹರಿದು ತೋಡಿನ ಅರ್ಧದವರೆಗೆ ಹೋಯಿತು. ಯಾಕೋಬ್ ಕಾಣಲಿಲ್ಲ. ನಡುವೆ ಹಿಮದ ಉಬ್ಬು ಅಡ್ಡವಾಗಿತ್ತು.

ಆಗ ನನ್ನ ಬಾಯಿಂದ ನನಗೇ ತಿಳಿಯದೆ ಬಂದದ್ದು ದೇವರ ಹೆಸರಲ್ಲ.

"ಕೂ..."

ಯಾಕೋಬನ ತಲೆ ಉಬ್ಬಿನ ಆಚೆ ಮೇಲೆದ್ದಿತು. ಅವನು ಆಗಲೇ ಬಂಡೆ ಸೇರಿದ್ದ. ಅಷ್ಟು ದೂರದಿಂದಲೂ ಅವನ ಮುಖದ ರಕ್ತ ಇಂಗಿದ್ದು ಕಂಡಿತು. ಎರಡೂ ಅಂಗೈಗಳನ್ನು ಮುಂದೆ ಚಾಚಿ ಒತ್ತಿಹಿಡಿದ. ಕದಲಬೇಡ. ನಂತರ ಒಂದು ಬೆರಳಿನಿಂದ ನನ್ನ ಹಿಂದಿನ ಹೆಜ್ಜೆಗಳನ್ನು ತೋರಿಸಿದ. ಹಾಗೆಯೇ ವಾಪಸು.

ಅವನು ನನ್ನ ಬಳಿಗೆ ಬರಲಿಲ್ಲ. ಬಾ ಎಂದು ನನ್ನ ಮೈಯೆಲ್ಲ ಕೂಗುತ್ತಿತ್ತು, ಅವನು ಬರಲಿಲ್ಲ. ಬಂಡೆಯ ಮೇಲೆ ನಿಂತು, ಸಲಿಕೆಯನ್ನು ಕೈಯಲ್ಲಿ ಹಿಡಿದು, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದ. ನನ್ನದೇ ಹೆಜ್ಜೆಗುರುತಿನಲ್ಲಿ ಕಾಲಿಡುತ್ತಾ ಹದಿನೈದು ಹೆಜ್ಜೆ ಹಿಂದಕ್ಕೆ ಬಂದೆ. ಆ ಹದಿನೈದರಲ್ಲಿ ಒಂದೊಂದನ್ನೂ ಅವನು ನೋಡಿದ. ಜೊತೆ ಇರುವುದೆಂದರೆ ಇಲ್ಲಿ ಇದೇ ಎಂದು ಆಗ ನನಗೆ ತಿಳಿಯಿತು. ನಾನು ಹೂತುಹೋದರೆ ಎಲ್ಲಿ ಅಗೆಯಬೇಕೆಂದು ತಿಳಿದಿರುವ ಒಬ್ಬನಾದರೂ ಮೇಲೆ ಉಳಿದಿರಬೇಕು.

ಅವನು ಮೇಲಿನ ಬಂಡೆಸಾಲಿನ ಮೇಲೆ ಸುತ್ತಿಕೊಂಡು ನನ್ನ ಬಳಿ ಬರಲು ಒಂದು ಗಂಟೆ ಹಿಡಿಯಿತು. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ನೀವು ಮಾಡಿದ ಆ ಶಬ್ದ ಏನು?" ಎಂದ.

ನಾನು ಉತ್ತರಿಸುವ ಮೊದಲೇ ಅವನು ತೋಡಿನ ಕಡೆ ತಿರುಗಿದ.

"ಅವತ್ತೂ ನಾನೇ ಮೊದಲು ದಾಟಿದೆ. ಆಮೇಲೆ ನಿಮ್ಮ ಅಣ್ಣನ ಗೆಳೆಯ ಹೊರಟ. ನಿಮ್ಮ ಅಣ್ಣ ಇಲ್ಲಿ, ನೀವು ಕುಳಿತಲ್ಲಿ, ಕಾಯಬೇಕಿತ್ತು. ನಡುವೆ ಗೆಳೆಯ ನಿಂತುಬಿಟ್ಟ. ತೆಳ್ಳಗೆ ಮಂಜು ಇಳಿದಿತ್ತು. ಹೆದರಿದ್ದ. ಅವನು ಆ ಶಬ್ದ ಮಾಡಿದ. ಕೂ." ಯಾಕೋಬನ ಒರಟು ಗಂಟಲಿನಲ್ಲಿ ನಮ್ಮ ಕರಿಕೆಯ ಕೂ ಕೇಳಿ ನನ್ನ ರೋಮ ನೆಟ್ಟಗಾಯಿತು. "ನಿಮ್ಮ ಅಣ್ಣ ಎದ್ದ. ನಾನು ಕೈ ಎತ್ತಿ ನಿಲ್ಲು ಎಂದೆ. ಅವನು ನನ್ನನ್ನು ನೋಡಿದ. ಆಮೇಲೆ ಅವನೂ ಅದೇ ಶಬ್ದ ಮಾಡಿದ, ನಡೆದುಬಂದ. ಗೆಳೆಯನ ಹತ್ತಿರ ಬರುವಾಗ ಹಿಮ ಒಡೆಯಿತು. ಗೆಳೆಯ ಅಂಚಿಗೆ ಬಿದ್ದ, ಎಳೆದುಕೊಂಡೆ. ನಿಮ್ಮ ಅಣ್ಣನಿಗಾಗಿ ಕತ್ತಲಾಗುವವರೆಗೆ ಅಗೆದೆ."

ತನ್ನ ಕೈಯನ್ನು ಎತ್ತಿ ನೋಡಿಕೊಂಡ.

"ಒಂಬತ್ತು ವರ್ಷದಿಂದ ನನಗೆ ನನ್ನ ಕೈಯ ಮೇಲೇ ಅನುಮಾನ. ನಾನು ನಿಲ್ಲು ಎಂದದ್ದನ್ನು ಅವನು ಬಾ ಎಂದು ತಿಳಿದನೇ? ನಿಮ್ಮ ದೇಶದಲ್ಲಿ ಕೈ ಎತ್ತಿದರೆ ಬಾ ಎಂದೇ?"

ಅನುಮಾನದ ರುಚಿ ಬಲ್ಲವನು ನಾನು. ಇವನದ್ದು ನನ್ನದಕ್ಕಿಂತ ಕೆಟ್ಟದ್ದು, ತನ್ನನ್ನೇ ತಿಂದುಕೊಂಡದ್ದು. ಇಲ್ಲ, ಎಂದೆ. ನಮ್ಮಲ್ಲೂ ಕೈ ಎತ್ತಿದರೆ ನಿಲ್ಲು ಎಂದೇ. ಅಣ್ಣನಿಗೆ ಅದು ಚೆನ್ನಾಗಿ ಅರ್ಥವಾಗಿತ್ತು. ಆದರೆ ಕೂ ಕೇಳಿಸಿತ್ತು. ಕೂ ಎಂದರೆ ಏನು, ಕೇಳಿದವನು ಏನು ಮಾಡಬೇಕು ಎಂದು ವಿವರಿಸಿದೆ. ಆನೆಯ ಕಾಡಿನಲ್ಲಿ ಪ್ರಾಣ ಉಳಿಸುವ ಪದ್ಧತಿ ಈ ಬಿಳಿ ತೋಡಿನಲ್ಲಿ ಪ್ರಾಣ ತೆಗೆಯಿತು. ಅದರಲ್ಲಿ ನಿಮ್ಮ ತಪ್ಪಿಲ್ಲ ಎಂದೆ.

ಯಾಕೋಬ್ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು ಅತ್ತ. ಇವನ ಕೊಟ್ಟಿಗೆ ಇಣುಕಿ ಮೂಟೆ ಎಣಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ಕರಿಕೆ

ಮನೆಗೆ ಬಂದು ಅವ್ವನ ಮುಂದೆ ಕುಳಿತೆ. ಹಡಗಿನಲ್ಲಿ ಇಪ್ಪತ್ತು ದಿನ ಯೋಚಿಸಿದ್ದೆ. ಕುಶಾಲಪ್ಪ ಕೂ ಹಾಕಿದ್ದನ್ನು ಮುಚ್ಚಿಟ್ಟ ಎಂಬ ಸಿಟ್ಟು ಅರ್ಧ ದಾರಿಯವರೆಗೆ ಇತ್ತು. ಆದರೆ ನಾನೇ ಆ ತೋಡಿನಲ್ಲಿ ನಿಂತು ಕೂ ಹಾಕಿ ಬಂದವನು. ಯಾರ ಮೇಲೆ ಕೇಸು ಬರೆಯಲಿ?

"ಅಣ್ಣ ಒಬ್ಬನೇ ಇರಲಿಲ್ಲವ್ವ. ಜೊತೆಯವ ಕೂ ಹಾಕಿದ. ಅಣ್ಣ ಮರುಕೂ ಹಾಕಿ ಅವನ ಹತ್ತಿರ ಹೋಗಿದ್ದ," ಎಂದೆ. ಹೆಸರು ಹೇಳಲಿಲ್ಲ.

ಅವ್ವ ಕೂ ಹಾಕಿದ್ದು ಯಾರೆಂದು ಕೇಳಲಿಲ್ಲ. ಆ ದಾರಿಯಲ್ಲಿ ಕೂ ಬಲ್ಲವರು ಇಬ್ಬರೇ ಎಂಬುದು ಅವಳಿಗೂ ಗೊತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗದೆ ಇರೊಕೆ ಅಂವಂಗೆ ಆಗ್ತಿತ್ತಾ," ಎಂದು ಎದ್ದುಹೋದಳು.

ಆ ವರ್ಷದ ಹುತ್ತರಿಗೆ ಕುಶಾಲಪ್ಪ ಎಂದಿನಂತೆ ಬಂದ. ನಾನು ಅಲ್ಲಿಗೆ ಹೋಗಿಬಂದದ್ದು ಅವನ ಕಿವಿಗೆ ಬಿದ್ದಿತ್ತು. ಜಗುಲಿಗೂ ಬರದೆ, ಬೇಲಿಯ ದಾರಿಗೆ ಅಡ್ಡ ಹಾಕಿದ ಉಣುಗೋಲಿನ ಆಚೆಯೇ ನಿಂತ, ಕೈಯಲ್ಲಿ ಬಾಳೆಗೊನೆ. ನಾನು ಬಾ ಎಂದೆ. ಅವನು ನೆಲ ನೋಡುತ್ತಿದ್ದ.

ಒಳಗೆ ಹೊಸ ಅಕ್ಕಿಯ ಪಾಯಸ ಕಲಕುತ್ತಿದ್ದ ಅವ್ವ ಸೌಟು ಇಟ್ಟು ಬಾಗಿಲಿಗೆ ಬಂದಳು. ಹೊಸ್ತಿಲ ಮೇಲೆ ನಿಂತು ಅವನ ಕಡೆ ನೋಡಿದಳು. ಬಾಯಿಗೆ ಎರಡೂ ಕೈ ಹಿಡಿದು, ಮಕ್ಕಳನ್ನು ತೋಟದಿಂದ ಕರೆಯುತ್ತಿದ್ದ ಹಳೆಯ ದನಿಯಲ್ಲಿ ಕೂಗಿದಳು.

"ಕೂ..."

ಕುಶಾಲಪ್ಪನ ಕೈಯಿಂದ ಗೊನೆ ಜಾರಿತು. ಮರುಕೂ ಹಾಕಲು ಅವನು ಎರಡು ಸಲ ಬಾಯಿ ತೆರೆದ, ದನಿ ಬರಲಿಲ್ಲ. ಮೂರನೆಯ ಸಲ ಬಂತು. ಉಣುಗೋಲು ಸರಿಸಿ, ಅಂಗಳ ದಾಟಿ, ಜಗುಲಿ ದಾಟಿ ಅವನು ಒಳಗೆ ಬಂದ.